ಸ್ಪ್ರಿಂಗ್ ಬದಲಿಸುವ ಮುಂಚೆ: ಆರ್‌ಸಿ ಟೂರಿಂಗ್ ಕಾರಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ: ರಿಮೋಟ್‌ನಿಂದ ಓಡಿಸುವ (ಆರ್‌ಸಿ) 1/10 ಅಳತೆಯ ಎಲೆಕ್ಟ್ರಿಕ್ ಟೂರಿಂಗ್ ಕಾರಿನ ಸಸ್ಪೆನ್ಶನ್, ಅಂದರೆ ಚಕ್ರಗಳನ್ನು ಹಿಡಿದಿರುವ ಆರ್ಮು, ಸ್ಪ್ರಿಂಗು, ಶಾಕುಗಳ ಜೋಡಣೆ. ಅದಕ್ಕೇ ಬೇರೆ ಪ್ರಶ್ನೆಗಳನ್ನೆಲ್ಲಾ ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್, ನನ್ನದು ಬೆಲ್ಟ್ ಡ್ರೈವ್ ಕಾರು, 13.5 ಟರ್ನ್ ಮೋಟಾರ್. ಯುರೋಪಿನ ಒಬ್ಬ ದೊಡ್ಡ ಡ್ರೈವರ್ ಅವರ ಸೆಟಪ್ ಶೀಟ್ ಸಿಕ್ಕಿತು. ಅದರಲ್ಲಿರುವ ಸ್ಪ್ರಿಂಗು, ಆಯಿಲು, ರೋಲ್ ಬಾರು ಎಲ್ಲಾ ತರಿಸಿ ಹಾಗೇ ಹಾಕಿದೆ. ನಾವು ಓಡಿಸೋದು ಭಾನುವಾರ ಖಾಲಿ ಇರುವ ಒಂದು ಪಾರ್ಕಿಂಗ್ ಜಾಗದಲ್ಲಿ. ತಿರುವಿನಿಂದ ಹೊರಗೆ ಬರುವಾಗ ಥ್ರಾಟಲ್ ಕೊಟ್ಟರೆ ಸಾಕು, ಹಿಂಭಾಗ ಜಾರಿ ಕಾರು ಗಿರ್ರನೆ ತಿರುಗಿಬಿಡುತ್ತದೆ. ಅಷ್ಟು ಒಳ್ಳೆ ಸೆಟಪ್ ನನಗೆ ಯಾಕೆ ಕೆಲಸ ಮಾಡುತ್ತಿಲ್ಲ? – ಬೆಂಗಳೂರಿನ ಓದುಗರು

ಉತ್ತರ: ಆ ಶೀಟ್ ಸುಳ್ಳಲ್ಲ. ಅದನ್ನು ಇನ್ನೊಂದು ಸಲ ತೆಗೆದು ಮೇಲಿನ ಸಾಲುಗಳನ್ನು ಓದಿ. ಟ್ರ್ಯಾಕ್ ಯಾವುದು, ಕಾರ್ಪೆಟ್ಟೋ ಡಾಂಬರೋ, ಗ್ರಿಪ್ ಎಷ್ಟು, ಬಿಸಿ ಎಷ್ಟು ಅಂತ ಅಲ್ಲೇ ಬರೆದಿರುತ್ತದೆ. ನಾವೆಲ್ಲಾ ಅದನ್ನು ಹಾರಿಸಿ ಸೀದಾ ಸ್ಪ್ರಿಂಗಿನ ಗಟ್ಟಿತನ ಹೇಳುವ ಬಣ್ಣಕ್ಕೆ ಹೋಗುತ್ತೇವೆ. ಆ ಡ್ರೈವರ್ ಓಡಿಸಿದ ಜಾಗದಲ್ಲಿ ಟೈರಿನ ರಬ್ಬರ್ ನೆಲಕ್ಕೆ ಮೆತ್ತಿ ಮೆತ್ತಿ ಟೈರು ಅಂಟಿಕೊಂಡ ಹಾಗೆ ಹಿಡಿಯುತ್ತದೆ. ಅಷ್ಟು ಹಿಡಿತ ಇದ್ದಾಗ ಕಾರು ತುಂಬಾ ವಾಲದಂತೆ ನೋಡಿಕೊಳ್ಳಬೇಕು, ಅದಕ್ಕೇ ಗಟ್ಟಿ ಸ್ಪ್ರಿಂಗು, ದಪ್ಪ ರೋಲ್ ಬಾರು (ಎಡ ಬಲ ಆರ್ಮ್‌ಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ತಂತಿ). ನಿಮ್ಮ ಪಾರ್ಕಿಂಗ್ ಜಾಗದಲ್ಲಿ ಧೂಳು, ಸಣ್ಣ ಜಲ್ಲಿ, ಅಲ್ಲಲ್ಲಿ ತೇಪೆ ಹಾಕಿದ ಡಾಂಬರು. ಅಲ್ಲಿ ಗಟ್ಟಿ ಕಾರು ಪ್ರತಿ ಸಣ್ಣ ಉಬ್ಬಿಗೂ ಹಾರುತ್ತದೆ. ಹಾರಿದಷ್ಟು ಹೊತ್ತು ಟೈರಿಗೆ ಹಿಡಿತವೇ ಇಲ್ಲ. ಜೊತೆಗೆ ಹಿಂಭಾಗ ಮುಂಭಾಗಕ್ಕಿಂತ ಗಟ್ಟಿಯಾಗಿದ್ದರೆ ತಿರುವಿನಲ್ಲಿ ಹಿಂದಿನ ಎರಡು ಚಕ್ರ ಹಂಚಿಕೊಳ್ಳಬೇಕಾದ ಭಾರ ಹೊರಗಿನ ಒಂದೇ ಚಕ್ರದ ಮೇಲೆ ಬೀಳುತ್ತದೆ. ಆಗ ಥ್ರಾಟಲ್ ಕೊಟ್ಟರೆ ಅದು ಜಾರದೇ ಇನ್ನೇನು ಮಾಡುತ್ತೆ?

ಮೊದಲ ಕೆಲಸ ಕಾರಿನಲ್ಲಿ ಅಲ್ಲ, ನೆಲದಲ್ಲಿ. ಒಂದು ತೆಂಗಿನ ಪೊರಕೆ ತಗೊಂಡು ನೀವು ಓಡಿಸುವ ಗೆರೆಯನ್ನು ಗುಡಿಸಿ. ಇಬ್ಬರು ಸೇರಿದರೆ ಅರ್ಧ ಗಂಟೆ ಸಾಕು. ಪ್ರತಿ ಓಟದ ಮುಂಚೆ ಟೈರನ್ನು ಬಟ್ಟೆಯಿಂದ ಒರೆಸಿ. ಹೊಸ ಟೈರಾದರೆ ಮೊದಲ ಎರಡು ಓಟದಲ್ಲಿ ಕಾರಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ, ಮೇಲಿನ ನುಣುಪು ಪದರ ಸವೆದು ಹೋಗಲಿ.

ಆಮೇಲೆ ಕಾರು. ನೆಲದಿಂದ ಎತ್ತರ 5 ಮಿ.ಮೀ. ಇಟ್ಟಿದ್ದರೆ 5.5 ಮಾಡಿ. ತುಂಬಾ ಉಬ್ಬು ತಗ್ಗಿದ್ದರೆ 6 ಆದರೂ ಪರವಾಗಿಲ್ಲ. ನಂತರ ಹಿಂದಿನ ರೋಲ್ ಬಾರಿನ ಒಂದು ಕಡೆಯ ಕೊಂಡಿ ಬಿಚ್ಚಿ ಒಂದು ಓಟ ಓಡಿಸಿ. ಇದು ಎರಡು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ, ಬೇಡ ಅನ್ನಿಸಿದರೆ ಮತ್ತೆ ಸಿಕ್ಕಿಸಬಹುದು. ನಿಮ್ಮ ತೊಂದರೆಯಲ್ಲಿ ಅರ್ಧ ಇಲ್ಲೇ ಹೋಗುತ್ತದೆ ಅನ್ನೋದು ನನ್ನ ಅನುಭವ. ಇನ್ನೂ ಜಾರಿದರೆ ಹಿಂದಿನ ಸ್ಪ್ರಿಂಗು ಒಂದು ಹಂತ ಮೆತ್ತಗೆ ಮಾಡಿ. ಹಿಂದಿನ ಟೋ ಇನ್ (ಚಕ್ರಗಳ ಮುಂಭಾಗ ಒಳಕ್ಕೆ ಹೊರಳಿರುವ ಕೋನ) 2.5 ಡಿಗ್ರಿ ಇದ್ದರೆ 3 ಮಾಡಿ, ನೇರದಲ್ಲಿ ಒಂಚೂರು ವೇಗ ಹೋಗುತ್ತದೆ, ಆದರೆ ಗಿರ್ರನೆ ತಿರುಗಿ ನಿಂತ ಕಾರಿನ ವೇಗ ಸೊನ್ನೆ ಅಲ್ವಾ. ಇಷ್ಟಾದ ಮೇಲೂ ಬೇಕಾದರೆ ಮುಂದಿನ ಡ್ರೂಪ್ (ಆರ್ಮ್ ಇನ್ನೂ ಎಷ್ಟು ಕೆಳಗೆ ಇಳಿಯಬಲ್ಲದು ಅನ್ನೋದು, ವಿವರ ಮುಂದಿದೆ) ಅರ್ಧ ಮಿ.ಮೀ. ಜಾಸ್ತಿ ಕೊಡಿ. ಮುಂದಿನದ್ದು ಯಾಕೆ ಅಂತ ಕೇಳಬಹುದು. ಥ್ರಾಟಲ್ ಕೊಟ್ಟಾಗ ಕಾರಿನ ಮೂತಿ ಇನ್ನಷ್ಟು ಮೇಲೇಳಲು ಜಾಗ ಸಿಗುತ್ತದೆ, ಭಾರ ಹಿಂದಕ್ಕೆ ಹೋಗಿ ಹಿಂದಿನ ಟೈರನ್ನು ನೆಲಕ್ಕೆ ಒತ್ತುತ್ತದೆ. ಕೊನೆಗೆ ಹಿಂದಿನ ಆರ್ಮ್‌ಗಳ ಕೆಳಗಿನ ಶಿಮ್ (ತೆಳು ಬಿಲ್ಲೆ) ಅರ್ಧ ಮಿ.ಮೀ. ತೆಗೆದು ರೋಲ್ ಸೆಂಟರ್, ಅಂದರೆ ಕಾರು ವಾಲುವಾಗ ತಿರುಗುವ ಬಿಂದುವನ್ನು ಇಳಿಸಬಹುದು.

ಇವೆಲ್ಲವನ್ನೂ ಒಂದೇ ಬಾರಿ ಮಾಡಬೇಡಿ, ದಯವಿಟ್ಟು. ಒಂದು ಬದಲಾವಣೆ, ಐದು ನಿಮಿಷ ಓಟ, ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಒಳ್ಳೆಯದಾಗದಿದ್ದರೆ ಅದನ್ನು ಹಿಂದಕ್ಕೆ ಹಾಕಿ ಮುಂದಿನದಕ್ಕೆ ಹೋಗಿ. ಮೂರು ಬದಲಾವಣೆ ಒಟ್ಟಿಗೆ ಮಾಡಿ ಕಾರು ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ನಿಮಗೆ ತಿಳಿಯೋದಿಲ್ಲ, ಮುಂದಿನ ಭಾನುವಾರ ಮತ್ತೆ ಮೊದಲಿಂದ ಶುರು.

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗನಿಗೆ 13 ವರ್ಷ, ಅವನ ಪರವಾಗಿ ಬರೆಯುತ್ತಿದ್ದೇನೆ. ಅವನ ಕಾರು ಎಡಕ್ಕೆ ಚೆನ್ನಾಗಿ ತಿರುಗುತ್ತದೆ, ಬಲಕ್ಕೆ ಅಗಲವಾಗಿ ಹೋಗುತ್ತದೆ. ಬ್ರೇಕ್ ಹಾಕಿದರೆ ಒಂದು ಕಡೆಗೆ ಎಳೆಯುತ್ತದೆ. ಎರಡು ಸಲ ಗೋಡೆಗೆ ಹೊಡೆದಿದ್ದಾನೆ. ಹೊಸ ಶಾಕ್ ಸೆಟ್ ಬೇಕು ಅಂತ ಹಟ ಮಾಡುತ್ತಿದ್ದಾನೆ. ಕೊಡಿಸಬೇಕಾ? – ತುಮಕೂರಿನ ಓದುಗರು

ಉತ್ತರ: ಈಗಲೇ ಬೇಡಮ್ಮ. ಎರಡು ಕಡೆ ಬೇರೆ ಬೇರೆ ಥರ ತಿರುಗುವ ಕಾರಿಗೆ ಹೊಸ ಶಾಕ್ ಹಾಕಿದರೂ ಅದು ಹಾಗೇ ತಿರುಗುತ್ತದೆ. ಇಲ್ಲಿಂದ ಮುಂದಿನದನ್ನು ಮಗನಿಗೇ ಓದಲು ಕೊಡಿ.

ಪುಟ್ಟ, ಮೊದಲು ಸ್ಟೀರಿಂಗ್ ನೋಡು. ಕಾರನ್ನು ಕೈಯಲ್ಲಿ ಎತ್ತಿ ಹಿಡಿದು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸು. ಚಕ್ರ ಎರಡು ಕಡೆ ಒಂದೇ ಅಷ್ಟು ಹೊರಳುತ್ತಿದೆಯಾ? ಇಲ್ಲದಿದ್ದರೆ ರಿಮೋಟ್‌ನಲ್ಲಿ ಎಂಡ್ ಪಾಯಿಂಟ್ (ಚಕ್ರ ಎಷ್ಟರವರೆಗೆ ಹೊರಳಬೇಕು ಅನ್ನುವ ಮಿತಿ) ಸರಿಮಾಡಿಕೋ. ಬಹಳ ಜನರ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ನಾಲ್ಕೂ ಶಾಕ್ ಬಿಚ್ಚು. ರೋಲ್ ಬಾರಿನ ಕೊಂಡಿಗಳನ್ನೂ ತೆಗೆ. ಈಗ ಒಂದೊಂದೇ ಆರ್ಮನ್ನು ಬೆರಳಿನಿಂದ ಮೇಲೆತ್ತಿ ಬಿಡು. ಅದು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬೇಕು. ನಿಧಾನಕ್ಕೆ ಇಳಿದರೆ ಅಥವಾ ಅರ್ಧಕ್ಕೆ ನಿಂತರೆ ಅಲ್ಲೇ ರೋಗ. ಗೋಡೆಗೆ ಹೊಡೆದ ಕಾರಿನಲ್ಲಿ ಆರ್ಮಿನ ಪಿನ್ ಕೂದಲೆಳೆಯಷ್ಟು ಬಗ್ಗಿರುತ್ತದೆ, ಕಣ್ಣಿಗೆ ಕಾಣೋದಿಲ್ಲ. ಪಿನ್ ಹೊರಗೆ ತೆಗೆದು ಗಾಜಿನ ಮೇಲೆ ಉರುಳಿಸಿದರೆ ಗೊತ್ತಾಗುತ್ತದೆ, ಬಗ್ಗಿದ ಪಿನ್ ಕುಂಟುತ್ತಾ ಉರುಳುತ್ತದೆ. ನನ್ನ ಒಂದು ಕಾರಿನಲ್ಲಿ ಹಿಂದಿನ ಎಡ ಆರ್ಮ್ ಹೀಗೆ ಬಿಗಿಯಾಗಿತ್ತು, ಅದು ಗೊತ್ತಿಲ್ಲದೆ ಒಂದು ಇಡೀ ಬೇಸಿಗೆ ನಾನು ಸ್ಪ್ರಿಂಗು, ಆಯಿಲು, ಡಿಫು ಅಂತ ಬದಲಿಸುತ್ತಲೇ ಇದ್ದೆ. ಒಂದು ಪಿನ್ ಹಾಕಿದ ದಿನ ಕಾರು ಬೇರೆಯೇ ಕಾರಾಯಿತು. ಅವತ್ತಿನಿಂದ ಆರ್ಮ್ ಬೀಳಿಸಿ ನೋಡದೆ ನಾನು ಯಾರ ಕಾರಿಗೂ ಸಲಹೆ ಕೊಡುವುದಿಲ್ಲ.

ಆಮೇಲೆ ಚಾಸಿ ತಿರುಚಿದೆಯಾ ಅಂತ ನೋಡಬೇಕು. ಇದಕ್ಕೆ ಅಂಗಡಿಯ ದುಬಾರಿ ಸೆಟಪ್ ಬೋರ್ಡ್ ಬೇಕಾಗಿಲ್ಲ. ಪಾಲಿಷ್ ಮಾಡಿದ ಗ್ರಾನೈಟ್ ತುಂಡು ಸಾಕು. ಕಿಚನ್ ಕಟ್ಟೆಗೆ ಕತ್ತರಿಸಿ ಉಳಿದ ಚೂರು ಗ್ರಾನೈಟ್ ಅಂಗಡಿಯಲ್ಲಿ ಸಿಗುತ್ತದೆ, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ ಕೇಳು. ಒರಟು ಕಡಪ ಕಲ್ಲು ಆಗೋದಿಲ್ಲ, ಸಮ ಇರೋದಿಲ್ಲ. ಚಾಸಿಯನ್ನು ಅದರ ಮೇಲಿಟ್ಟು, ಮೇಲಿನ ಡೆಕ್ಕಿನ (ಚಾಸಿಯ ಮೇಲೆ ಕೂರುವ ತಟ್ಟೆಯ) ಸ್ಕ್ರೂಗಳನ್ನು ಸಡಿಲ ಮಾಡು. ಅಂಗೈಯಿಂದ ಚಾಸಿಯನ್ನು ಕಲ್ಲಿಗೆ ಒತ್ತಿ ಹಿಡಿದು ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡು. ಒಂದು ಕಡೆಯಿಂದ ಸಾಲಾಗಿ ಅಲ್ಲ. ಬೈಕಿನ ಎಂಜಿನ್ ಹೆಡ್ಡಿನ ಬೋಲ್ಟ್ ಬಿಗಿ ಮಾಡುವ ಹಾಗೆ ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪ.

ಎಲ್ಲಾ ಜೋಡಿಸಿದ ಮೇಲೆ ಬ್ಯಾಟರಿ, ಬಾಡಿ ಸಮೇತ ಕಾರನ್ನು ಕಲ್ಲಿನ ಮೇಲಿಡು. ಮುಂಭಾಗದ ಸರಿಯಾದ ನಡುಮಧ್ಯಕ್ಕೆ ಸಣ್ಣ ಸ್ಕ್ರೂಡ್ರೈವರ್ ತುದಿ ಕೊಟ್ಟು ನಿಧಾನವಾಗಿ ಎತ್ತು. ಎರಡು ಚಕ್ರವೂ ಒಟ್ಟಿಗೆ ನೆಲ ಬಿಡಬೇಕು. ಬಲ ಚಕ್ರ ಮೊದಲು ಎದ್ದರೆ ಅದರ ಮೇಲೆ ಭಾರ ಕಮ್ಮಿ ಇದೆ ಅಂತ ಅರ್ಥ. ಹಿಂಭಾಗವನ್ನೂ ಹೀಗೇ ನೋಡು. ಆದರೆ ಎರಡು ಕಡೆ ಡ್ರೂಪ್ ಒಂದೇ ಇರದಿದ್ದರೆ ಈ ಪರೀಕ್ಷೆಯನ್ನು ನಂಬುವ ಹಾಗಿಲ್ಲ, ಮೊದಲು ಅದನ್ನು ಸಮ ಮಾಡಿಕೋ. ನಾಲ್ಕು ಶಾಕ್‌ಗಳ ಉದ್ದವೂ ಎಡ ಬಲ ಒಂದೇ ಇರಲಿ, ವರ್ನಿಯರ್‌ನಲ್ಲಿ ಅಳೆದು ನೋಡು. ರೋಲ್ ಬಾರನ್ನು ಎಲ್ಲಕ್ಕಿಂತ ಕೊನೆಗೆ ಸಿಕ್ಕಿಸು. ಅದನ್ನು ಸಿಕ್ಕಿಸಿದ ತಕ್ಷಣ ಒಂದು ಚಕ್ರ ಮೊದಲು ಏಳೋದಕ್ಕೆ ಶುರುವಾದರೆ, ತಪ್ಪು ಬಾರಿನ ಕೊಂಡಿಯ ಉದ್ದದಲ್ಲಿದೆ. ಇಷ್ಟಕ್ಕೂ ಸರಿಹೋಗದಿದ್ದರೆ ಬಲಗಡೆ ಮುಂದಿನ ಸ್ಪ್ರಿಂಗಿನ ಕಾಲರನ್ನು (ಸ್ಪ್ರಿಂಗನ್ನು ಒತ್ತುವ ಬಳೆಯನ್ನು) ಕಾಲು ಸುತ್ತು ಬಿಗಿ ಮಾಡಿ ನೋಡು. ಅದಕ್ಕಿಂತ ಜಾಸ್ತಿ ಬೇಕಾಯಿತು ಅಂದರೆ ಬೇರೆಲ್ಲೋ ಏನೋ ಬಗ್ಗಿದೆ.

ಇಷ್ಟನ್ನೂ ನೀನೇ ಮಾಡಿ, ಏನಾಯಿತು ಅಂತ ನನಗೆ ಬರೆ. ಶಾಕ್ ಮಾತು ಆಮೇಲೆ.

ಪ್ರಶ್ನೆ: ತಮಿಯಾ ಟಿಟಿ-02 ತಗೊಂಡಿದ್ದೇನೆ. ಅಲ್ಯೂಮಿನಿಯಂ ಆರ್ಮ್, ಅಲ್ಯೂಮಿನಿಯಂ ಹಬ್, ಎಲ್ಲಾ ನೀಲಿ ಬಣ್ಣದ್ದು ಆನ್‌ಲೈನಲ್ಲಿ ಸಿಗುತ್ತಿದೆ. ರೇಸಿಗೆ ಮೊದಲು ಯಾವುದು ಹಾಕಿಸಲಿ? – ಹುಬ್ಬಳ್ಳಿಯ ಓದುಗರು

ಉತ್ತರ: ಅಲ್ಯೂಮಿನಿಯಂ ಆರ್ಮ್ ಬೇಡವೇ ಬೇಡ. ಪ್ಲಾಸ್ಟಿಕ್ ಆರ್ಮ್ ಗೋಡೆಗೆ ತಾಗಿದರೆ ಬಾಗಿ ವಾಪಸ್ ಬರುತ್ತದೆ. ಲೋಹದ್ದು ಬಗ್ಗಿ ಹಾಗೇ ಉಳಿಯುತ್ತದೆ, ಇಲ್ಲವೇ ಹೊಡೆತವನ್ನು ಪಕ್ಕದ ಪ್ಲಾಸ್ಟಿಕ್ ಭಾಗಕ್ಕೆ ದಾಟಿಸಿ ಅದನ್ನು ಮುರಿಯುತ್ತದೆ. ಭಾರವೂ ಜಾಸ್ತಿ.

2013ರಲ್ಲಿ ಬಂದ ಈ ಕಾರು ಇವತ್ತಿಗೂ ಕಲಿಯುವವರಿಗೆ ಒಳ್ಳೆಯದೇ. ಶಾಫ್ಟ್ ಡ್ರೈವ್ ಇದೆ, ಗೇರೆಲ್ಲಾ ಪೆಟ್ಟಿಗೆಯೊಳಗೆ ಮುಚ್ಚಿರುವುದರಿಂದ ಧೂಳು ಒಳಗೆ ಹೋಗೋದು ಕಮ್ಮಿ. ಮಾಮೂಲಿ ಕಿಟ್ಟಿನ ಕೊರತೆ ಅದರ ಶಾಕ್‌ಗಳಲ್ಲಿದೆ. ಒಳಗೆ ಆಯಿಲ್ ಇಲ್ಲ, ಬರೀ ಉಜ್ಜಾಟದಿಂದ ಸ್ಪ್ರಿಂಗನ್ನು ತಡೆಯುತ್ತವೆ. ಹಾಗಾಗಿ ಮೊದಲ ದುಡ್ಡು ಆಯಿಲ್ ಶಾಕ್‌ಗೆ. ದುಬಾರಿ ಅಲ್ಯೂಮಿನಿಯಂದೇ ಬೇಕಂತಿಲ್ಲ, ತಮಿಯಾದ್ದೇ ಪ್ಲಾಸ್ಟಿಕ್ ಸಿವಿಎ ಸೆಟ್ ಚೆನ್ನಾಗಿದೆ. ಎರಡನೆಯ ದುಡ್ಡು ಬಾಲ್ ಬೇರಿಂಗಿಗೆ. ಮೂರನೆಯದು ಉದ್ದ ಹೊಂದಿಸಬಹುದಾದ ಮೇಲಿನ ಲಿಂಕ್‌ಗಳಿಗೆ. ಕಿಟ್ಟಿನಲ್ಲಿ ಬರುವ ಮೇಲಿನ ಆರ್ಮಿನ ಉದ್ದ ಬದಲಿಸೋಕೆ ಆಗಲ್ಲ, ಅಂದರೆ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಒಳಕ್ಕಾದರೆ ಮೈನಸ್) ನಿಮ್ಮ ಕೈಯಲ್ಲಿಲ್ಲ. ಅದು ಕೈಗೆ ಬಂದ ಮೇಲೆ ಮುಂದೆ ಹಿಂದೆ ಎರಡೂ ಕಡೆ ಮೈನಸ್ 1.5 ಡಿಗ್ರಿಯಿಂದ ಶುರುಮಾಡಿ. ಮಿಕ್ಕ ದುಡ್ಡಿಗೆ ಟೈರ್ ತಗೊಳ್ಳಿ. ಒಳ್ಳೆಯ ರಬ್ಬರ್ ಟೈರು ಕೊಡುವಷ್ಟು ವೇಗವನ್ನು ಯಾವ ನೀಲಿ ಭಾಗವೂ ಕೊಡೋದಿಲ್ಲ.

ಪ್ರಶ್ನೆ: ಡ್ರೂಪ್ ಅಂದರೆ ನಿಜವಾಗಿ ಏನು? ಒಬ್ಬರು ನಂಬರ್ ಜಾಸ್ತಿ ಮಾಡು ಅನ್ನುತ್ತಾರೆ, ಇನ್ನೊಬ್ಬರು ಡ್ರೂಪ್ ಕಮ್ಮಿ ಮಾಡು ಅನ್ನುತ್ತಾರೆ. ಎರಡೂ ಒಂದೇ ಅಂತೆ! – ಮೈಸೂರಿನ ಓದುಗರು

ಉತ್ತರ: ಹೌದು, ಎರಡೂ ಒಂದೇ. ಎಲ್ಲರೂ ಎಡವುವ ಜಾಗ ಇದು.

ಕಾರು ನಿಂತಿರುವ ಎತ್ತರದಿಂದ ಆರ್ಮ್ ಇನ್ನೂ ಎಷ್ಟು ಕೆಳಗೆ ಇಳಿಯಬಲ್ಲದು ಅನ್ನೋದೇ ಡ್ರೂಪ್. ಆರ್ಮಿನಲ್ಲಿ ಒಂದು ಸಣ್ಣ ಗ್ರಬ್ ಸ್ಕ್ರೂ ಇರುತ್ತದೆ, ಅದು ಚಾಸಿಗೆ ತಾಗಿ ಆರ್ಮನ್ನು ನಿಲ್ಲಿಸುತ್ತದೆ. ಅಳೆಯುವಾಗ ಚಾಸಿಯನ್ನು 10 ಮಿ.ಮೀ. ಎತ್ತರದ ಎರಡು ಕಟ್ಟೆಗಳ ಮೇಲಿಟ್ಟು, ಮೆಟ್ಟಿಲು ಮೆಟ್ಟಿಲಾಗಿರುವ ಗೇಜನ್ನು ಆರ್ಮಿನ ತುದಿಯ ಕೆಳಗೆ ತೂರಿಸುತ್ತಾರೆ. 5ನೇ ಮೆಟ್ಟಿಲಿಗೆ ತಾಗಿದರೆ ಆರ್ಮಿನ ತುದಿ ಚಾಸಿಯ ತಳಕ್ಕಿಂತ 5 ಮಿ.ಮೀ. ಕೆಳಗಿದೆ. 6ಕ್ಕೆ ತಾಗಿದರೆ ಬರೀ 4 ಮಿ.ಮೀ. ಕೆಳಗಿದೆ. ಅದಕ್ಕೇ ನಂಬರ್ ಏರಿದ ಹಾಗೆ ಡ್ರೂಪ್ ಇಳಿಯುತ್ತದೆ.

ನನಗೆ ಇದಕ್ಕಿಂತ ಇಷ್ಟವಾಗುವ ಇನ್ನೊಂದು ದಾರಿ ಇದೆ. ಕಾರನ್ನು ಓಡುವ ಸ್ಥಿತಿಯಲ್ಲಿ ಸಮ ಕಲ್ಲಿನ ಮೇಲಿಡಿ. ಚಾಸಿಯ ಎತ್ತರ 5 ಮಿ.ಮೀ. ಇದೆ ಅಂದುಕೊಳ್ಳಿ. ಚಾಸಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ, ಚಕ್ರ ಇನ್ನೇನು ನೆಲ ಬಿಡುತ್ತೆ ಅನ್ನುವಾಗ ಮತ್ತೆ ಅಳೆಯಿರಿ. 8 ಬಂದರೆ ನಿಮ್ಮ ಡ್ರೂಪ್ 3 ಮಿ.ಮೀ. ಈ ಲೆಕ್ಕ ಯಾವ ಕಂಪನಿಯ ಕಾರಿಗೂ ಹೊಂದುತ್ತದೆ. ಗೇಜ್ ನಂಬರ್ ಹಾಗಲ್ಲ, ಆರ್ಮಿನ ಆಕಾರ ಬೇರೆ ಆದರೆ ನಂಬರೂ ಬೇರೆ, ಒಬ್ಬರ ನಂಬರು ಇನ್ನೊಬ್ಬರಿಗೆ ಉಪಯೋಗವಿಲ್ಲ.

ಇನ್ನು ಓಡಿಸುವಾಗ ಏನಾಗುತ್ತದೆ ಅನ್ನೋದು. ಮುಂದಿನ ಡ್ರೂಪ್ ಜಾಸ್ತಿಯಾದರೆ ಥ್ರಾಟಲ್ ಕೊಟ್ಟಾಗ ಹಿಂದೆ ಹಿಡಿತ ಬರುತ್ತದೆ, ಆದರೆ ಆ ಹೊತ್ತಿನಲ್ಲಿ ಸ್ಟೀರಿಂಗ್ ಮಂಕಾಗುತ್ತದೆ. ಹಿಂದಿನ ಡ್ರೂಪ್ ಜಾಸ್ತಿಯಾದರೆ ಬ್ರೇಕ್ ಹಾಕಿದಾಗ ಅಥವಾ ಥ್ರಾಟಲ್ ಬಿಟ್ಟಾಗ ಹಿಂಭಾಗ ಮೇಲೆದ್ದು ಭಾರ ಮುಂದಕ್ಕೆ ಬೀಳುತ್ತದೆ, ಕಾರು ತಿರುವಿನೊಳಗೆ ಚುರುಕಾಗಿ ನುಗ್ಗುತ್ತದೆ. ಅತಿಯಾದರೆ ಅಲ್ಲೇ ಹಿಂಭಾಗ ಜಾರುತ್ತದೆ. ನಮ್ಮಂಥ ಒರಟು ಡಾಂಬರಿನಲ್ಲಿ ಡ್ರೂಪ್ ಧಾರಾಳವಾಗಿರಲಿ, ತಗ್ಗಿಗೆ ಟೈರು ಇಳಿಯಬೇಕಲ್ಲ. ಒಂದು ಸಲಕ್ಕೆ ಅರ್ಧ ಮಿ.ಮೀ.ಗಿಂತ ಜಾಸ್ತಿ ಬದಲಿಸಬೇಡಿ. ಕೇಳೋದಕ್ಕೆ ಏನೂ ಅಲ್ಲ ಅನ್ನಿಸುತ್ತದೆ, ಆದರೆ 3 ಮಿ.ಮೀ.ನಲ್ಲಿ ಅರ್ಧ ಅಂದರೆ ಆರನೇ ಒಂದು ಪಾಲು.

ಪ್ರಶ್ನೆ: ರೋಲ್ ಬಾರ್ 1.2 ಮಿ.ಮೀ. ಇತ್ತು, 1.4 ಹಾಕಿದೆ. 0.2 ತಾನೇ ಅಂದುಕೊಂಡೆ. ಕಾರು ತಿರುಗುವುದನ್ನೇ ಮರೆತ ಹಾಗಿದೆ. – ಮಂಗಳೂರಿನ ಓದುಗರು

ಉತ್ತರ: ತಂತಿಯ ಗಟ್ಟಿತನ ದಪ್ಪದ ನಾಲ್ಕನೇ ಘಾತದ ಮೇಲೆ ಏರುತ್ತದೆ. 1.2ರಿಂದ 1.3ಕ್ಕೆ ಹೋದರೆ ಸುಮಾರು ಶೇ. 38 ಜಾಸ್ತಿ ಗಟ್ಟಿ. 1.4ಕ್ಕೆ ಹೋದರೆ ಸುಮಾರು ಶೇ. 85. ನೀವು ಹಾಕಿದ್ದು ಮುಂದಿನ ಬಾರ್ ಅಂದುಕೊಂಡಿದ್ದೇನೆ. 1.3 ಹಾಕಿ ನೋಡಿ. ಬಾರು ಅದರ ಹಿಡಿಕೆಯಲ್ಲಿ ಸಲೀಸಾಗಿ ತಿರುಗುತ್ತಿದೆಯಾ ಅಂತಲೂ ನೋಡಿ, ಬಿಗಿ ಇದ್ದರೆ ಅದು ಇನ್ನೂ ದಪ್ಪ ಬಾರಿನ ಹಾಗೆ ವರ್ತಿಸುತ್ತದೆ.

ಪ್ರಶ್ನೆ: ಶಾಕ್ ಆಯಿಲ್ ಒಬ್ಬರು 30 ಅನ್ನುತ್ತಾರೆ, ಒಬ್ಬರು 350 ಅನ್ನುತ್ತಾರೆ. ಯಾವುದು ತರಲಿ? ಬೇಸಿಗೆಗೆ ಬೇರೆ ಬೇಕಾ? – ಬಳ್ಳಾರಿಯ ಓದುಗರು

ಉತ್ತರ: 30 ಅನ್ನೋದು ವೆಯ್ಟ್, 350 ಅನ್ನೋದು ಸಿಎಸ್‌ಟಿ. ಎರಡೂ ಆಯಿಲ್ ಎಷ್ಟು ಮಂದ ಅನ್ನೋದರ ಅಳತೆಗಳು. ಟೀಮ್ ಅಸೋಸಿಯೇಟೆಡ್ ಕಂಪನಿಯ ಲೆಕ್ಕದಲ್ಲಿ 30 ವೆಯ್ಟ್ ಅಂದರೆ 350 ಸಿಎಸ್‌ಟಿ, 35 ಅಂದರೆ 425, 40 ಅಂದರೆ 500. ಬೇರೆ ಕಂಪನಿಯ 30 ಇದಕ್ಕೆ ಹೊಂದುತ್ತದೆ ಅಂತ ಹೇಳೋಕಾಗಲ್ಲ. ಹಾಗಾಗಿ ಸಿಎಸ್‌ಟಿ ನೋಡಿ ತಗೊಳ್ಳಿ, ಆದಷ್ಟು ಒಂದೇ ಕಂಪನಿಯದ್ದನ್ನೇ ಬಳಸಿ.

ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಖಂಡಿತ ಬೇರೆ ಬೇಕು. ಬಾಟಲಿ ಮೇಲಿನ ಸಂಖ್ಯೆ ಸಾಮಾನ್ಯವಾಗಿ 25 ಡಿಗ್ರಿಯಲ್ಲಿ ಅಳೆದದ್ದು. ಡಾಂಬರು ಕಾದಾಗ ಶಾಕ್ ಒಳಗಿನ ಆಯಿಲೂ ಕಾದು ತೆಳುವಾಗುತ್ತದೆ. ಬೆಳಿಗ್ಗೆ ಎಂಟಕ್ಕೆ 350ರಲ್ಲಿ ಚೆನ್ನಾಗಿ ಓಡಿದ ಕಾರು ಮಧ್ಯಾಹ್ನ ತೇಲಾಡಿದರೆ 400 ಅಥವಾ 450 ಹಾಕಿ ನೋಡಿ. ಆಯಿಲ್ ತುಂಬಿದ ಮೇಲೆ ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಮುಚ್ಚಳ ಹಾಕದೆ ಹತ್ತು ಹದಿನೈದು ನಿಮಿಷ ನೆಟ್ಟಗೆ ನಿಲ್ಲಿಸಿ, ಗುಳ್ಳೆ ಎಲ್ಲಾ ಮೇಲೆ ಬರಲಿ. ಗಾಳಿ ಉಳಿದ ಶಾಕ್ ಒಂದಿದ್ದರೂ ಮಿಕ್ಕ ಮೂರರ ಶ್ರಮ ವ್ಯರ್ಥ.

ಪ್ರಶ್ನೆ: ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ, ಊರು ದಾವಣಗೆರೆ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಕಾರ್ಪೆಟ್ ಮೇಲೆ ಕ್ಲಬ್ ರೇಸ್. ಬೆಳಿಗ್ಗೆ ಕಾರು ಚೆನ್ನಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಜೋರು ತಿರುವಿನಲ್ಲಿ ಪಲ್ಟಿ ಹೊಡೆಯುತ್ತದೆ. ನಾನು ಏನೂ ಬದಲಿಸಿರುವುದಿಲ್ಲ. – ಇಂಗ್ಲೆಂಡಿನ ಓದುಗರು

ಉತ್ತರ: ನೀವು ಬದಲಿಸಿಲ್ಲ, ಕಾರ್ಪೆಟ್ ಬದಲಾಗಿದೆ. ಎಲ್ಲರ ಟೈರಿನ ರಬ್ಬರು, ಟೈರಿಗೆ ಹಚ್ಚುವ ಅಡಿಟಿವ್ ದಿನವಿಡೀ ಅದರ ಮೇಲೆ ಕೂತು ಗ್ರಿಪ್ ಏರುತ್ತಾ ಹೋಗುತ್ತದೆ. ಬೆಂಗಳೂರಿನವರಿಗೆ ಹೇಳಿದ್ದಕ್ಕೆ ನಿಮ್ಮ ಔಷಧಿ ಪೂರ್ತಿ ಉಲ್ಟಾ. ಮುಂದಿನ ಬಾರ್ ದಪ್ಪ ಮಾಡಿ. ಮುಂದಿನ ಡ್ರೂಪ್ ಕಮ್ಮಿ ಮಾಡಿ. ಆರ್ಮ್‌ಗಳ ಕೆಳಗೆ ಶಿಮ್ ಸೇರಿಸಿ ರೋಲ್ ಸೆಂಟರ್ ಎತ್ತರಿಸಿ, ವಾಲುವುದು ಕಮ್ಮಿಯಾಗುತ್ತದೆ. ಬಾಡಿಯನ್ನು ಟೈರಿಗೆ ತಾಗದಷ್ಟು ಕೆಳಗೆ ಕೂರಿಸಿ.

ಇದಕ್ಕೆಲ್ಲಾ ಮುಂಚೆ ಮಾಡಬಹುದಾದ ಸುಲಭದ ಕೆಲಸ ಒಂದಿದೆ. ಮುಂದಿನ ಟೈರಿನ ಹೊರಮಗ್ಗುಲಿಗೆ ತೆಳು ಸೂಪರ್ ಗ್ಲೂ ಒಂದು ಸುತ್ತು ಹಚ್ಚಿ ಒಣಗಲು ಬಿಡಿ. ಟೈರು ಮಡಚಿಕೊಂಡು ಆ ಮಗ್ಗುಲು ಕಾರ್ಪೆಟ್ಟಿಗೆ ಕಚ್ಚಿದಾಗಲೇ ಕಾರು ಪಲ್ಟಿಯಾಗುವುದು, ಅಂಟು ಒಣಗಿದ ಮೇಲೆ ಆ ಜಾಗ ಕಚ್ಚುವ ಬದಲು ಜಾರುತ್ತದೆ. ನಿಮ್ಮ ಕ್ಲಬ್ಬಿನ ನಿಯಮದಲ್ಲಿ ಅದಕ್ಕೆ ಅವಕಾಶ ಇದೆಯಾ ಅಂತ ಮೊದಲು ಕೇಳಿಕೊಳ್ಳಿ. ರಿಮೋಟಿನಲ್ಲಿ ಸ್ಟೀರಿಂಗ್ ಕೂಡ ಸ್ವಲ್ಪ ತಗ್ಗಿಸಿ. ಅಷ್ಟು ಗ್ರಿಪ್ಪಿನಲ್ಲಿ ಚಕ್ರ ಪೂರ್ತಿ ಹೊರಳುವ ಅಗತ್ಯವೇ ಇರೋದಿಲ್ಲ.

ಬೆಳಿಗ್ಗೆಯ ಸೆಟಪ್ ಒಂದು, ಮಧ್ಯಾಹ್ನದ್ದು ಒಂದು ಅಂತ ನೋಟ್‌ಬುಕ್ಕಿನಲ್ಲಿ ಎರಡು ಪುಟ ಇಟ್ಟುಕೊಳ್ಳಿ. ಎರಡರ ನಡುವಿನ ವ್ಯತ್ಯಾಸ ಒಂದು ಬಾರು, ಎರಡು ಶಿಮ್ಮಿನಷ್ಟೇ ಇರಲಿ, ಎರಡು ಓಟಗಳ ನಡುವಿನ ಬಿಡುವಿನಲ್ಲಿ ಕೈಗೆ ಎಟಕುವಷ್ಟು. ಊರಿಗೆ ಬರುವಾಗ ಕಾರು ತಂದರೆ ಮಾತ್ರ ಆ ಎರಡೂ ಪುಟ ಮುಚ್ಚಿಟ್ಟು, ಹಿಂದಿನ ಬಾರು ಬಿಚ್ಚಿ, ಮೆತ್ತನೆಯ ಸ್ಪ್ರಿಂಗ್ ಹಾಕಿಕೊಂಡು ಶುರುಮಾಡಿ.